ಕೇಕು, ಪ್ಯಾಂಟು, ಅಡ್ಡಗಾಳಿ

ಓರ್ತಾದಿಂದ ಕೊರ್ವೊ ದ್ವೀಪಕ್ಕೆ ಮುಕ್ಕಾಲು ಗಂಟೆ,
ಗಾಳಿ ಒಪ್ಪಿದರೆ.
ಒಪ್ಪದ ದಿನ ನಾನು
ಸಮವಸ್ತ್ರ ತೊಟ್ಟು ಕೂತ ಬರೀ ಹೆಂಗಸು.

ಆವತ್ತು ಮೂತಿ ಭಾರ, ಬಾಲ ಹಗುರ.
ತೂಕದ ಹಾಳೆಯಿಂದ ತಲೆ ಎತ್ತದೆ ಕ್ಯಾಪ್ಟನ್ ಜೆನೊವೆವಾ ಎಂದಳು:
"ಎರಡನೇ ಸಾಲಿನವರನ್ನು ಹಿಂದಕ್ಕೆ ಕೂರಿಸು, ಇದಲಿನಾ.
ಮೆಲ್ಲಗೆ ಹೇಳು."
ಮೆಲ್ಲಗೆ ಹೇಗೆ ಹೇಳುವುದು?
ಮೂವತ್ತೇಳು ಸೀಟಿನ ವಿಮಾನದಲ್ಲಿ ಗುಟ್ಟೆಂದರೆ
ಜರಡಿಯಲ್ಲಿ ಹಿಡಿದ ನೀರು.

ಎರಡನೇ ಸಾಲಿನಲ್ಲಿ ಬೇಕರಿಯ ಗ್ವಾಲ್ತೆರ್.
ತೊಡೆಯ ಮೇಲೆ ತಂಗಿಯ ಮಗಳ ಮದುವೆಯ ಕೇಕು,
ಮೂರು ಅಂತಸ್ತು, ತುದಿಯಲ್ಲಿ ಸಕ್ಕರೆಯ ತಿಮಿಂಗಿಲ.
"ನನ್ನ ತೂಕ ತಾನೇ?" ಎಂದ ಗಟ್ಟಿಯಾಗಿ,
ನನ್ನ ಕಷ್ಟ ತಪ್ಪಿಸಿ.
ಎದ್ದ. ಕೇಕನ್ನು ತಲೆಗಿಂತ ಮೇಲೆತ್ತಿ ನಡೆದ.

ಬಿಚ್ಚಿಸಿದ ಬೆಲ್ಟು
ತಪಾಸಣೆಯ ನೀಲಿ ಟ್ರೇಯಲ್ಲೇ ಉಳಿದಿತ್ತು,
ಅದು ಅವನಿಗೆ ನೆನಪಾದದ್ದು ಏಳನೇ ಸಾಲಿನಲ್ಲಿ.
ಪ್ಯಾಂಟು ಮೊದಲು ಸೊಂಟದಿಂದ ಇಷ್ಟೇ ಇಷ್ಟು,
ಆಮೇಲೆ ಗಟ್ಟಿ ಮನಸ್ಸು ಮಾಡಿ, ಪೂರ್ತಿ.
ಎರಡೂ ಕೈಯಲ್ಲಿ ಕೇಕು.
ಯಾವ ಕೈ ಬಿಡುವುದು?
ಒಂದು ಗಳಿಗೆ ನನ್ನನ್ನೇ ನೋಡಿದ.
ಬಿಡಲಿಲ್ಲ.

ಹಳದಿ ಚಡ್ಡಿ, ಅದರ ತುಂಬ ಪುಟ್ಟ ಪುಟ್ಟ ಲಂಗರು.
ಮದುವೆ ಮಾಡಿಸಲು ಹೊರಟ ಪಾದ್ರಿ ಕಿಟಕಿಯಾಚೆ ನೋಡಿದರು.
ದೋನಾ ಎವ್ಲಾಲಿಯಾ ನೋಡಿದ್ದು ಕಿಟಕಿಯನ್ನಲ್ಲ.
ಮಾನ ಮೂರಾಬಟ್ಟೆ ಅನ್ನುತ್ತಾರೆ,
ಇಲ್ಲಿ ಇದ್ದದ್ದೇ ಒಂದು ಬಟ್ಟೆ,
ಅದೂ ಪಾದದ ಬುಡದಲ್ಲಿ.

ನಾನು ಕತ್ತಿನ ಸ್ಕಾರ್ಫ್ ಬಿಚ್ಚಿ
ಪ್ಯಾಂಟು ಎತ್ತಿ, ಕುಣಿಕೆ ಕುಣಿಕೆಗೂ ಪೋಣಿಸಿ ಬಿಗಿದೆ,
ಶಾಲೆಗೆ ತಡವಾದ ಹುಡುಗನಿಗೆ ಬಿಗಿದ ಹಾಗೆ.
"ಕೇಕು ತೊಡೆಯ ಮೇಲೆ ಬೇಡ," ಎಂದೆ.
ಕಡೆಯ ಸಾಲಿನಲ್ಲಿ ಅದಕ್ಕೂ ಒಂದು ಸೀಟು, ಅದಕ್ಕೂ ಪಟ್ಟಿ.
ಮೂತಿ ಹಗುರಾಯಿತು. ಹಾರಿದೆವು.

ಕೊರ್ವೊ:
ಕಡಲಲ್ಲಿ ಬೋರಲು ಹಾಕಿದ ಕರಿ ಮಡಕೆ,
ಅದರ ಕಂಠದ ಬಳಿ ಒಂದು ಗೀರು, ಅಲ್ಲಿ ಇಳಿಯಬೇಕು.
ಚರ್ಚಿನ ಮುಂದೆ ಜನ, ನಡುವೆ ಒಂದು ಬಿಳಿ ಚುಕ್ಕೆ.
ಚಕ್ರ ಇನ್ನೇನು ನೆಲ ಮುಟ್ಟಬೇಕು,
ಅಡ್ಡಗಾಳಿ ರೆಕ್ಕೆಗೆ ಕೈ ಹಾಕಿತು.
ಎಂಜಿನ್ನು ಕೂಗಿತು. ಮತ್ತೆ ಆಕಾಶ.
ಇನ್ನೊಂದು ಸುತ್ತು. ಚುಕ್ಕೆಗೆ ಕೈ ಮೂಡಿತು, ಬೀಸುತ್ತಿತ್ತು.
ಮತ್ತೆ ಆಕಾಶ.

ಆಮೇಲೆ ಅವಳ ದನಿ, ಒಣಗಿದ್ದು:
"ನಾನು ಇಳಿಸುವುದಿಲ್ಲ. ಹಿಂದಕ್ಕೆ ಹೋಗುತ್ತಿದ್ದೇವೆ."
ಗಾಳಿ ಬಿಡುತ್ತಿಲ್ಲ ಅನ್ನಬಹುದಿತ್ತು,
ಗಾಳಿಗೆ ಏನು, ಎಷ್ಟು ಬೈಗುಳವಾದರೂ ಹೊರುತ್ತದೆ.
ನಾನು ಎಂದಳು.

"ಹಳೆಯ ಕ್ಯಾಪ್ಟನ್ ಇದ್ದಿದ್ದರೆ ಇಳಿಸಿರೋರು," ಎಂದ ಒಬ್ಬ.
"ಹೆಂಗಸು..." ಎಂದ ಇನ್ನೊಬ್ಬ,
ವಾಕ್ಯ ಮುಗಿಸಲಿಲ್ಲ, ವಾಂತಿ ಬಂತು.
ನಾನು ಕಾಗದದ ಚೀಲ ಕೊಟ್ಟೆ.
ಕೊಡುವಾಗ ಸ್ವಲ್ಪ ತಡ ಮಾಡಿದೆ, ನಿಜ.

ಓರ್ತಾದಲ್ಲಿ ಅವಳು ಬಾಗಿಲಿಗೆ ಬಂದು ನಿಂತಳು.
ನಿಲ್ಲಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲ.
ಇಪ್ಪತ್ತೆಂಟು ಜನ ಅವಳ ಬೂಟು ನೋಡುತ್ತ ಇಳಿದರು,
ಪಾದ್ರಿಯೂ.
ಅವಳ ಕಿವಿ ಕೆಂಪಾಗಿದ್ದವು,
ಆ ಕೆಂಪು ನಾನು ಬೆಳಿಗ್ಗೆ ಏಳನೇ ಸಾಲಿನಲ್ಲಿ ಕಂಡಿದ್ದೆ.

ಕಡೆಗೆ ಗ್ವಾಲ್ತೆರ್. ಸೊಂಟದಲ್ಲಿ ನನ್ನ ಸ್ಕಾರ್ಫ್,
ಎರಡೂ ಕೈಯಲ್ಲಿ ಕೇಕು, ಒಂದು ಅಂತಸ್ತು ವಾಲಿತ್ತು.
ನಿಂತ.
"ಕ್ಯಾಪ್ಟನ್, ಚಾಕು ಇದೆಯಾ?"

ವಿಮಾನದಲ್ಲಿ ಚಾಕು ಎಲ್ಲಿಯದು.
ಸೀಟಿನ ಜೇಬಿನ ಸುರಕ್ಷತೆಯ ಹಾಳೆ, ಪ್ಲಾಸ್ಟಿಕ್ ಹೊದಿಸಿದ್ದು,
ಅದರಲ್ಲೇ ಅವಳು ಕೊಯ್ದಳು,
ಲೈಫ್ ಜಾಕೆಟ್ ಊದುವ ಚಿತ್ರಕ್ಕೆಲ್ಲ ಕೆನೆ ಮೆತ್ತಿತು.
ಬೈದವನೂ ತಿಂದ. ಎರಡು ತುಂಡು.
ಫೋನಿನಲ್ಲಿ ಮದುಮಗಳು ಅಳುತ್ತಿದ್ದಳು,
ಅತ್ತು ಅತ್ತು ಸಾಕಾಗಿ, "ತಿಮಿಂಗಿಲ ತಿನ್ನಬೇಡಿ" ಎಂದಳು.

ಅದು ನಮ್ಮ ಮನೆಯ ಫ್ರಿಜ್ಜಿನಲ್ಲಿತ್ತು,
ಮೊಟ್ಟೆ ಮತ್ತು ಮೊಸರಿನ ನಡುವೆ.
ನಾಲ್ಕನೇ ದಿನ ಗಾಳಿ ಒಪ್ಪಿತು.
ಸ್ಕಾರ್ಫ್ ಇನ್ನೂ ಬಂದಿಲ್ಲ.
ನಾನೂ ಕೇಳಿಲ್ಲ.