ಕಾಫಿ ಬಗ್ಗಿಸುವ ಕ್ರಮ

ಹೆಲ್ಸಿಂಕಿಯ ಆಚೆ, ದೋಣಿಗೆ ಇಪ್ಪತ್ತು ನಿಮಿಷದ ನಡುಗಡ್ಡೆ.
ಮರದ ಮನೆ. ಮೇಜನ್ನು ಬಡಗಿ ಮೂರು ಸಲ ಅಳೆದು
ಒಂದು ಬದಿಯಲ್ಲಿ ಅರ್ಧ ಬೆರಳಿನಷ್ಟು ಹೆರೆದಿದ್ದ.
ಎರಡು ದೇಶ ಸರಿಸಮ ಕೂರಬೇಕಲ್ಲ.
ಕುರ್ಚಿಯ ಕಾಲೂ ಅಷ್ಟೆ. ಬಾಗಿಲೂ ಎರಡು:
ಮೊದಲು ಒಳಗೆ ಬಂದವರು ಸೋತಂತೆ,
ಮೊದಲು ಹೊರಗೆ ಹೋದವರೂ ಸೋತಂತೆ.

ಕಾಫಿಗೂ ಒಂದು ಕ್ರಮವಿತ್ತು.
ಈ ಕಡೆ ಲೆಂಪಿ, ಆ ಕಡೆ ಅವಳ ನಾದಿನಿ ಸೈಮಿ,
ಎರಡು ಕೆಟಲು; ಕಣ್ಣಲ್ಲೇ ಎಣಿಸಿಕೊಂಡು
ಒಟ್ಟಿಗೇ ಬಗ್ಗಿಸಬೇಕು,
ಒಂದು ಹನಿ ಹಿಂದಿಲ್ಲ, ಒಂದು ಹನಿ ಮುಂದಿಲ್ಲ.
ಹದಿನೇಳು ದಿನ ಹಾಗೇ ನಡೆಯಿತು.

ಜಗಳ ಒಂದು ಅಂಕಿಯ ಮೇಲೆ.
ವರ್ಷಕ್ಕೆ ಎಷ್ಟು ಸಲ ಒಬ್ಬರ ನೆಲವನ್ನು ಇನ್ನೊಬ್ಬರು
ಬಂದು ಕೆದಕಿ ನೋಡಬಹುದು,
ನಡುಗಿದ್ದು ಭೂಮಿಯೋ ಬಾಂಬೋ ಎಂದು.
ಏಳು, ಎಂದರು ಥಾರ್ನ್‌ಡೈಕ್. ಯಾರೂ ಏಳಲಿಲ್ಲ.
ಮೂರು, ಎಂದರು ವದಿಮ್ ಗ್ಲೇಬೊವಿಚ್, ಕನ್ನಡಕ ಒರೆಸುತ್ತ.
ಏಳಕ್ಕೂ ಮೂರಕ್ಕೂ ನಡುವೆ ನಾಲ್ಕೇ ಮೆಟ್ಟಿಲು.
ಮೆಟ್ಟಿಲ ಕೆಳಗೆ ಸಿಡಿತಲೆಗಳು
ತಮ್ಮ ತಮ್ಮ ಬಿಲಗಳಲ್ಲಿ, ಎಣ್ಣೆ ಸವರಿಸಿಕೊಂಡು,
ಯಾವ ಊರು ಯಾರ ಪಾಲಿಗೆಂದು ಆಗಲೇ ಬಾಯಿಪಾಠ ಮಾಡಿ.

ಹದಿನೆಂಟನೆಯ ದಿನ ಉತ್ತರದ ಕಡಲಲ್ಲಿ
ಒಬ್ಬರ ಸಬ್‌ಮೆರೀನನ್ನು ಇನ್ನೊಬ್ಬರ ಹಡಗುಗಳು ಮುತ್ತಿದವು.
ಎರಡೂ ರಾಜಧಾನಿಗಳಿಂದ ಒಂದೇ ಥರದ ತಂತಿ:
ಮಾತು ನಡೆಯಲಿ, ಏನನ್ನೂ ಒಪ್ಪಬೇಡಿ.
ಹೊರಗೆ ಮೊದಲ ಹಿಮ.
ಸೈಮಿಗೆ ಅಂದೇ ಜ್ವರ.

ಲೆಂಪಿ ಒಬ್ಬಳೇ ಬಂದಳು. ಒಂದೇ ಕೆಟಲು.
ಮೇಜಿನ ತುದಿಗೆ ನಿಂತಳು.
ಎಡಕ್ಕೆ ಆರು ಖಾಲಿ ಬಟ್ಟಲು, ಬಲಕ್ಕೆ ಆರು.
ಮೊದಲು ಯಾರಿಗೆ?
ಗೋಡೆಗೆ ನಿಂತ ಕಾರ್ಯದರ್ಶಿಯ ಹಣೆ ಬೆವೆತಿತು.
ಯಾರೋ ಪೆನ್ನಿಗೆ ಮುಚ್ಚಳ ಹಾಕಿದ ಸದ್ದು.

ಅವಳ ತಲೆಯಲ್ಲಿದ್ದದ್ದು ಇದಲ್ಲ.
ಇನಾರಿಯಲ್ಲಿ ಅಣ್ಣ ಹಿಮಸಾರಂಗ ಮೇಯಿಸುತ್ತಾನೆ.
ಹೋದ ಚಳಿಗಾಲ ಇಬ್ಬರು ಬಂದು, ಟಿಕ್ ಟಿಕ್ ಎನ್ನುವ ಡಬ್ಬಿಯನ್ನು
ಮಾಂಸಕ್ಕೆ ಹಿಡಿದರು, ಆಮೇಲೆ ಅವನ ಎದೆಗೆ.
ಬರೆದುಕೊಂಡರು. ಏನೂ ಹೇಳದೆ, ಟೋಪಿ ತೆಗೆದು, ಹೋದರು.
ಅಂದಿನಿಂದ ಅತ್ತಿಗೆ ಮಕ್ಕಳಿಗೆ
ಹಿಮ ಬಾಯಿಗಿಡಬೇಡಿ ಅನ್ನುತ್ತಾಳೆ.
ಹಿಮ ತಿನ್ನದ ಮಕ್ಕಳು! ಆ ಊರಲ್ಲಿ!

ಕೈ ಸೋತಿತು, ಅಷ್ಟೆ. ಕೆಟಲು ಭಾರ.
ನಟ್ಟ ನಡುವೆ, ಹಸಿರು ಉಣ್ಣೆಬಟ್ಟೆಯ ಮೇಲೆ ಕುಕ್ಕಿದಳು.
ಚುರ್ರೆಂದಿತು.
ತನ್ನ ಭಾಷೆಯಲ್ಲಿ ಒಂದು ಮಾತು ಅಂದು
ತಿರುಗಿ ನೋಡದೆ ಹೋದಳು.

ದುಭಾಷಿಗಳು ಮುಖ ಮುಖ ನೋಡಿಕೊಂಡರು.
ಇಬ್ಬರಿಗೂ ಇಂಗ್ಲಿಷು ಬರುತ್ತದೆ, ರಷ್ಯನ್ನೂ;
ಕಾಲೂರಿದ ನೆಲದ ಮಾತು ಇಬ್ಬರಿಗೂ ಬಾರದು.
ಹದಿನೆಂಟು ದಿನದಲ್ಲಿ ಮೊದಲ ಸಲ
ಎರಡೂ ಕಡೆಗೆ, ಒಟ್ಟಿಗೇ, ಏನೂ ತಿಳಿಯಲಿಲ್ಲ.

ಶಾಪವೇ? ಎಂದನಂತೆ ಒಬ್ಬ ಜನರಲ್.
ಗಾದೆ ಇರಬೇಕು, ಎಂದರಂತೆ ವದಿಮ್ ಗ್ಲೇಬೊವಿಚ್.
ಆಮೇಲೆ (ಇದನ್ನು ಸೈಮಿ ಹೇಳಬೇಕು, ಕೇಳಬೇಕು;
ಅವಳೋ ಅಂದು ಅಲ್ಲಿ ಇರಲೇ ಇಲ್ಲ)
ಆತ ಎದ್ದು, ಕೆಟಲೆತ್ತಿ
ಎದುರಿನವರ ಬಟ್ಟಲಿಗೆ ಬಗ್ಗಿಸಿದರು.
ಬಗ್ಗಿಸಬೇಕಾದರೆ ಬಗ್ಗಲೇಬೇಕು,
ಅಷ್ಟು ಅಗಲದ ಮೇಜು.
ಥಾರ್ನ್‌ಡೈಕ್ ಸಕ್ಕರೆ ಸರಿಸಿದರು.

ಶಾಂತಿ ಬಂತೆಂದು ತಿಳಿಯಬೇಡಿ.
ಸಂಜೆಗೆ ಏಳು ಆರಾಯಿತು; ಮೂರು ಮೂರೇ.
ಸಬ್‌ಮೆರೀನು ಎರಡು ದಿನಕ್ಕೆ ಮೇಲೆ ಬಂದು
ಉಸಿರೆಳೆದುಕೊಂಡು ಮನೆಗೆ ಹೋಯಿತು.
ಅದಕ್ಕೂ ಇದಕ್ಕೂ ನಂಟು ಇತ್ತೋ ಇಲ್ಲವೋ.
ನಡಾವಳಿಯಲ್ಲಿ ಒಂದೇ ಸಾಲು: ಹನ್ನೊಂದು ಇಪ್ಪತ್ತು, ವಿರಾಮ.
ಬಟ್ಟೆ ಬದಲಿಸಲು ಬಂದ ಬಡಗಿ ನೋಡುತ್ತಾನೆ,
ಸುಟ್ಟ ಬಳೆ ಮರಕ್ಕೂ ಇಳಿದಿದೆ.

ಅಷ್ಟಕ್ಕೂ ಲೆಂಪಿ ಅಂದದ್ದೇನು?
ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಸಲ ಅನ್ನುವುದನ್ನೇ:
ಕುಡೀರಿ, ಆರಿಹೋಗುತ್ತೆ.

ಮಾರ್ಚಿಯಲ್ಲಿ ಅಣ್ಣನ ಕಾಗದ ಬಂತು.
ಡಬ್ಬಿಯವರು ಮತ್ತೆ ಬಂದಿದ್ದರು.