ಕೋಣೆಯಲ್ಲಿ ಒಬ್ಬರು ದೊಡ್ಡವರಿರಬೇಕು

ನಿಯಮ ಹಾಗಿದೆ: ಪರದೆಯ ಮೇಲೆ ಪಾಠ ನಡೆವಾಗ
ಕೋಣೆಯಲ್ಲಿ ಒಬ್ಬರು ದೊಡ್ಡವರಿರಬೇಕು.
ಕಲಿಸಬೇಕೆಂದಿಲ್ಲ. ತಿಳಿದಿರಬೇಕೆಂದೂ ಇಲ್ಲ.
ಇದ್ದರೆ ಸಾಕು. ಅದಕ್ಕೆ ನಾನು,
ವಾರಕ್ಕೆ ನಾಲ್ಕು ಸಲ, ಹತ್ತು ಗಂಟೆಗೆ,
ಹರಿದ ಲೈಬ್ರರಿ ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚುತ್ತ.

ವಿಕ್ಟೋರಿಯಾದ ಮ್ಯಾಲಿ ಸೀಮೆ. ಹ್ಯಾಟರ್ಸ್ ವೆಲ್ ಹೈಸ್ಕೂಲು.
ಎಪ್ಪತ್ತೊಂದು ಮಕ್ಕಳು, ಮೂವತ್ತು ಕುರಿ.
ಕುರಿಗಳಿಗೂ ಹಾಜರಿಯುಂಟು, ಕೃಷಿ ಕ್ಲಾಸಿನ ಹುಡುಗರು ಕೂಗುತ್ತಾರೆ.
ಬಸ್ಸು ಓಡಿಸುವವರೇ ಮರಗೆಲಸದ ಮೇಷ್ಟ್ರು.
ಹನ್ನೆರಡನೆಯ ಕ್ಲಾಸಿನ ಫಿಸಿಕ್ಸಿಗೆ ಒಬ್ಬಳೇ ಒಬ್ಬಳು,
ಮಾರ್ನಿ ಶುಲ್ಟ್ಸ್.
ಮುಂದಿನ ಬೆಂಚೂ ಅವಳೇ, ಹಿಂದಿನ ಬೆಂಚೂ ಅವಳೇ.

ಅವಳ ಬೂಟಿಗೆ ಗೋಧಿ ಹೊಲದ ಕೆಮ್ಮಣ್ಣು,
ಆರೂಮುಕ್ಕಾಲಕ್ಕೆ ಬಸ್ಸು ಹತ್ತಿದವಳ ಆಕಳಿಕೆ.
ಗೋಡೆಯ ಮೇಲೆ, ಇನ್ನೂರು ಕಿಲೋಮೀಟರು ಆಚೆಯಿಂದ,
ಪ್ಯಾಸ್ಕೋ ಮೇಷ್ಟ್ರ ಮುಖ ನೆಲದ ಹೊಟ್ಟೆಯಿಂದೆದ್ದಂತೆ ನಡುಗುತ್ತದೆ.
ಪಕ್ಕದ ಪುಟ್ಟ ಚೌಕಗಳಲ್ಲಿ
ಬೇರೆ ಬೇರೆ ಊರಿನ ಇಬ್ಬರು ಒಂಟಿಗರು.
ಚೀಟಿ ದಾಟಿಸಲಾಗದ, ಜಡೆ ಎಳೆಯಲಾಗದ,
ಒಬ್ಬರ ಕಿವಿಗೊಬ್ಬರು ಪಿಸುಗುಡಲಾಗದ ಕ್ಲಾಸು.

ಮೊನ್ನೆ ಗುರುವಾರ ಮೇಷ್ಟ್ರು 'ಇನರ್ಷಿಯಾ' ಅನ್ನಲು
ಬಾಯಿ ತೆರೆದವರು ತೆರೆದೇ ನಿಂತರು.
ಗೋಪುರಕ್ಕೆ ಗಾಳಿಯೋ, ತಂತಿಗೆ ಇಲಿಯೋ.
ಮಾರ್ನಿ ನನ್ನತ್ತ ತಿರುಗಿದಳು. ಮೊದಲ ಸಲ.
"ನಿಮಗೇನಾದರೂ ಗೊತ್ತಾ?"

ಗೊತ್ತಾ?
ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ಪಾಲಯ್ಯ ಮೇಷ್ಟ್ರು
ಬೋರ್ಡಿನ ನಡುಮಧ್ಯೆ ಜಡತ್ವ ಎಂದು ಬರೆದು
ಕೆಳಗೆ ಎರಡು ಗೆರೆ ಎಳೆದಿದ್ದರು.
ಜಡತ್ವ, ಸಂವೇಗ, ವೇಗೋತ್ಕರ್ಷ:
ಬೇಲಿಯ ಜಾಲಿಯಷ್ಟೇ ನನ್ನವು ಅವು.
ತೊಂಬತ್ತೊಂದು ಅಂಕ. ಪೇಪರಿನಲ್ಲಿ ಬರಲಿಲ್ಲ, ಆದರೆ
ಹಿಟ್ಟಿನ ಗಿರಣಿಯ ತನಕ ಸುದ್ದಿ ಹೋಗಿತ್ತು.
ಆಮೇಲೆ ಪಿಯುಸಿ.
ಒಂದು ಬೇಸಿಗೆ ರಜೆ ಕಳೆಯುವುದರೊಳಗೆ
ಲೋಕದ ವಸ್ತುಗಳೆಲ್ಲ ಹೆಸರು ಬದಲಿಸಿಕೊಂಡಿದ್ದವು.
ಅದೇ ಚೆಂಡು, ಅದೇ ಇಳಿಜಾರು,
ನನಗೆ ಮಾತ್ರ ಗುರುತು ಸಿಗಲಿಲ್ಲ.
ಹದಿನೆಂಟು ಅಂಕ. ಹೊಲಿಗೆ ಕ್ಲಾಸಿಗೆ ಸೇರಿದೆ.

ಇಷ್ಟೆಲ್ಲ ಹೇಳುವ ಇಂಗ್ಲಿಷು ನನ್ನಲ್ಲಿರಲಿಲ್ಲ.
"ಬಸ್ಸು," ಅಂದೆ.
"ನಿಮ್ಮ ಬಸ್ಸು. ಕಾಂಗರೂ ಅಡ್ಡ ಬಂತು. ಬ್ರೇಕು.
ಬಸ್ಸು ನಿಂತಿತು. ನೀನು?"
ಮಾರ್ನಿ ಹಣೆ ಮುಟ್ಟಿಕೊಂಡಳು. ಹುಬ್ಬಿನ ಮೇಲೆ
ಹೊಲಿಗೆ ಬಿಚ್ಚಿದ ಹಳೆಯ ಗೆರೆ.
"ನಾನು ನಿಲ್ಲಲಿಲ್ಲ."
"ಅದು," ಅಂದೆ, "ಜಡತ್ವ."
ಜ... ಡತ್... ವ, ಅಂದಳು,
ಬಿಸಿ ಆಲೂಗಡ್ಡೆ ಬಾಯಿಗಿಟ್ಟವಳಂತೆ.
ನೋಟ್‌ಬುಕ್ಕಿನ ಅಂಚಿಗೆ ತನ್ನ ಅಕ್ಷರದಲ್ಲಿ ಬರೆದುಕೊಂಡು
ಕೆಳಗೊಂದು ಗೆರೆ ಎಳೆದಳು.
ಇನ್ನೊಂದು ಎಳಿ ಅನ್ನಬೇಕೆನಿಸಿತು.

ಪರದೆ ಕೆಮ್ಮಿ ಎಚ್ಚೆತ್ತಿತು. ಮೇಷ್ಟ್ರು
ಅರ್ಧ ವಾಕ್ಯದಿಂದಲೇ ಮುಂದುವರಿದರು,
ತಾವು ನಿಂತದ್ದೇ ತಿಳಿಯದವರು.

ಈ ವಾರ ನಾನೂ ಒಂದು ನೋಟ್‌ಬುಕ್ ತಂದಿದ್ದೇನೆ,
ಅಂಟಿನ ಡಬ್ಬಿಯ ಕೆಳಗೆ, ಯಾರಿಗೂ ಕಾಣದ ಹಾಗೆ.
ನಾಲ್ಕನೆಯ ಲೆಕ್ಕದಲ್ಲಿ ಅದೇ ಚೆಂಡು ಉರುಳಿ ಬಂತು.
ಇಪ್ಪತ್ತಾರು ವರ್ಷಕ್ಕೆ ತುಸು ಸವೆದಿತ್ತು; ಗುರುತು ಹಿಡಿದೆ.
ಉತ್ತರ ಮಾರ್ನಿಗಿಂತ ಮುಂಚೆ ಬಂತು ನನಗೆ.
ಬಾಯಿ ಬಿಡಲಿಲ್ಲ. ನಿಯಮದಲ್ಲಿ ಅದು ಇಲ್ಲ.

ಕಿಟಕಿಯಾಚೆ ಕುರಿಗಳ ಹಾಜರಿ ನಡೆದಿತ್ತು.
ಹದಿನೇಳು, ಎಂದು ಯಾರೋ ಕೂಗಿದರು.
ಮತ್ತೆ ಕೂಗಿದರು.
ದೊಡ್ಡಿಯ ಮೂಲೆಯಿಂದ, ಬಲು ಹೊತ್ತು ತಡೆದು,
ಒಂದು ಓಗೊಟ್ಟಿತು.