ಮೂರು ಅಚ್ಚು, ಒಂದು ಮುಲ್ತಾನಿ

ತಾಬೂತ್ ಸ್ಟ್ರೀಟಿನ ಒಳಗಿನ ಓಣಿ. ಸೊಹ್ರಾಬನ ಅಂಗಡಿಗೆ ಬೋರ್ಡಿಲ್ಲ.
ಮೆಟ್ಟಿಲ ಮೇಲೆ ಬೆಕ್ಕು, ಒಳಗೆ ಸ್ಪಿರಿಟ್ಟಿನ ವಾಸನೆ,
ಗೋಡೆಗೆ ಒತ್ತಿ ನಿಂತ ಸಾವಿರ ತೆಳು ಬೆನ್ನು.
ಮೂರು ಗಂಟೆಗೇ ಬನ್ನಿ ಅಂದಿದ್ದ. ಮುಲ್ತಾನಿಯನ್ನು
ಬೆಳಿಗ್ಗೆ ಹಾಕಿದರೆ ಅವನಿಗೆ ಹೊಟ್ಟೆ ಕೆಡುತ್ತದಂತೆ.

ಮೇಜಿನ ಮೇಲೆ ಮೂರು ತಟ್ಟೆ. ಹಾಡು ಒಂದೇ:
ಸುಭದ್ರಾಬಾಯಿ ನರೇಗಲ್, ವಿಲಂಬಿತ, ಇಪ್ಪತ್ತೆರಡು ನಿಮಿಷ.
ಹೊದಿಕೆಯ ಮೇಲೆ ಅದೇ ಮೂಗುತಿ, ಅದೇ ಸೀರೆ.
ಒಂದರಲ್ಲಿ ನೇರಳೆ, ಒಂದರಲ್ಲಿ ಬದನೆಕಾಯಿ, ಹೊಸದರಲ್ಲಿ ಬರೀ ನೀಲಿ.
ಹಿಂಬದಿಗೆ ತಬಲಾದವರ ಹೆಸರುಂಟು, ಪೇಟಿಯವರದುಂಟು.
ತಂಬೂರಿಯವರದಿಲ್ಲ.

ಮೊದಲ ಅಚ್ಚು ಅರವತ್ತೆಂಟರದು, ಕೆಂಪು ಚೀಟಿ.
ಬೆಳಕಿಗೆ ಓರೆ ಮಾಡಿ, ಭೂತಗನ್ನಡಿ ಕೊಟ್ಟು,
ಹಾಡು ಮುಗಿದ ಬೋಳು ವರ್ತುಲದಲ್ಲಿ ಗೀಚಿದ ಅಂಕಿಯನ್ನು
ಮಗುವಿನ ಕಿವಿ ಹಿಂದಿನ ಮಚ್ಚೆಯ ಹಾಗೆ ತೋರಿಸಿದ:
"ಒಂದು! ಚೊಚ್ಚಲು, ಬಾಯೀ."
ಮುಳ್ಳು ಇಳಿಯಿತು. ಕೋಣೆ ಒಂದು ಗೋಡೆಯಷ್ಟು ಹಿಂದೆ ಸರಿಯಿತು.
ತಬಲಾದ ತೊಗಲು, ಬಾಯಿಯವರು ಉಗುಳು ನುಂಗಿದ್ದು,
ಯಾರದೋ ಬಳೆ ಮರಕ್ಕೆ ತಾಗಿದ್ದು.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು ನಾನು.
ಬೆಳಗಾವಿ ಲೈನಿನ ಕರಕರ ಬೇರೆ, ಸೋಲಾಪುರದ್ದು ಬೇರೆ.
ಕೇಳುತ್ತಿದ್ದದ್ದು ಹಾಡನ್ನಲ್ಲ. ಹಾಡಿನ ಹಿಂದೆ,
ಎಡಕ್ಕೆ, ಚೂರು ಕೆಳಗೆ, ಚಾಪೆ ಹಾಸಿದ ಹಾಗೆ ಇರುವುದನ್ನು.

ಅವ್ವ ಹೇಳುತ್ತಿದ್ದಳು:
"ಒಂಬತ್ತನೇ ನಿಮಿಷಕ್ಕ ಖರಜ ಇಳೀತು ನೋಡವಾ,
ಒಂದು ಎಳಿಯಷ್ಟ. ಕೆಂಪು ದೀಪ ಹತ್ತಿತ್ತು.
ಮಣಿ ಸರಿಸಾಕ ಹ್ವಾದ್ರ ಸಪ್ಪಳ ಆಕ್ಕೈತಿ,
ಹಂಗ ಬಾರಿಸಿದೆ. ಬಾಯಾರು ತಿರುಗಿ ನೋಡಲಿಲ್ಲ.
ಷಡ್ಜಕ್ಕ ಬಂದಾಗ ಮಾತ್ರ ಒಂಚೂರು ಬಾಗಿ
ನನ್ನ ತಂತಿ ಇದ್ದಲ್ಲೇ ಬಂದು ಕುಂತ್ರು.
ಆಮ್ಯಾಲೆ ನನ್ನ ಕರೀಲಿಲ್ಲ."
ನಮ್ಮ ಮನೆಯಲ್ಲಿ ತಂಬೂರಿಯಿತ್ತು, ಪ್ಲೇಯರ್ ಇರಲಿಲ್ಲ.
ಆ ತಟ್ಟೆಯನ್ನು ಅವಳು ಒಮ್ಮೆಯೂ ಕೇಳಿದವಳಲ್ಲ.

ಒಂಬತ್ತನೇ ನಿಮಿಷ: ಟಿಕ್. ಟಿಕ್. ಟಿಕ್.
ಯಾವ ಪುಣ್ಯಾತ್ಮ ಯಾವ ಮದುವೆ ಮನೆಯಲ್ಲಿ ಮುಳ್ಳು ಎಳೆದನೋ,
ಸುತ್ತಿಗೊಮ್ಮೆ ಗೀರು ಬಂದು ಬಾಗಿಲು ತಟ್ಟುತ್ತದೆ.
ಗೀರು ಕಳೆದಾಗ ಷಡ್ಜವೂ ಕಳೆದುಹೋಗಿತ್ತು.
ಸೊಹ್ರಾಬ್ ತಾನೇ ಗೀರಿದವನಂತೆ ತಲೆ ತಗ್ಗಿಸಿದ.

ಎರಡನೆಯದು ಹೊಸದು, ಜರ್ಮನಿಯಿಂದ ಬಂದದ್ದು,
ರೊಟ್ಟಿ ಹಂಚಿನ ತೂಕ. ಗಂಜಿ ಹಾಕಿ ಇಸ್ತ್ರಿ ಮಾಡಿದ ಮೌನ.
ಎಲ್ಲ ಅವರವರ ಜಾಗದಲ್ಲಿ, ಪೋಟೋಕ್ಕೆ ನಿಂತ ಹಾಗೆ.
ಬಳೆ ಇಲ್ಲ. ಒಂಬತ್ತಕ್ಕೆ ಖರಜ ಸರಿಯಾಗಿಯೇ ಇತ್ತು!
ಯಾರೋ ಜಾಣ ಹುಡುಗ, ಕಂಪ್ಯೂಟರಿನ ಮುಂದೆ ಕಾಫಿ ಕುಡಿಯುತ್ತ,
ಅವ್ವನ ತಪ್ಪನ್ನು ತಿದ್ದಿದ್ದನೇನೋ.
ಒಳ್ಳೆಯದಕ್ಕೇ ಮಾಡಿರುತ್ತಾನೆ. ಸಿಟ್ಟು ಬಂತು.

ಮೂರನೆಯದನ್ನು ಹಾಕಲು ಸೊಹ್ರಾಬನಿಗೆ ಮನಸ್ಸಿಲ್ಲ.
ಎಂಬತ್ಮೂರರದು. ಹಪ್ಪಳದ ಹಾಗೆ ಬಳುಕುತ್ತದೆ.
"ಹಳೇ ತಟ್ಟೆಗಳನ್ನು ಕರಗಿಸಿ ಒತ್ತಿದ್ದು ಬಾಯೀ,
ಇದರೊಳಗೆ ಯಾರ್ಯಾರ ಹಾಡು ಸತ್ತಿದೆಯೋ."
ನಿಜ. ತಾರ ಸೊರಗಿದೆ, ತಬಲಾ ರಟ್ಟಿನ ಡಬ್ಬಿ,
ಕೆಳಗಿನದೆಲ್ಲ ನೀರು ತುಂಬಿದ ಕಾಲಿನಂತೆ ಊದಿಕೊಂಡಿದೆ.
ಆ ಊತದೊಳಗೆ ಖರಜ,
ಗಡಿಗೆಯಲ್ಲಿ ಸಿಕ್ಕ ದುಂಬಿಯ ಹಾಗೆ, ದಪ್ಪಗೆ.

ಏಳು. ಎಂಟು.
ಇಳಿಯಿತು.

ಒಂದು ಎಳೆ, ಅಷ್ಟೇ. ಜಾರಿದ ಸೆರಗಿನಷ್ಟು.
ಬಾಯಿಯವರು ನಿಷಾದದ ಮೇಲೆ ತಡೆದರು,
ಬೇಕಾದ್ದಕ್ಕಿಂತ ಅರೆಗಳಿಗೆ ಹೆಚ್ಚು ತಡೆದರು,
ಆಮೇಲೆ ಬಂದು ಕೂತರು, ಅಲ್ಲೇ.

"ಇದು ಬೇಡ ಬಾಯೀ," ಅಂದ ಸೊಹ್ರಾಬ್. "ಕಸ."
ಇನ್ನೊಮ್ಮೆ ಹಾಕು ಅಂದೆ.
ಬೆಕ್ಕು ಎದ್ದು ಒಳಗೆ ಬಂದು ನನ್ನ ಚಪ್ಪಲಿ ಮೂಸಿತು.

ತೊಂಬತ್ತು ರೂಪಾಯಿ ತೆಗೆದುಕೊಂಡ, ನಾಚುತ್ತ.
ಸ್ವಾರಗೇಟಿನ ಬಸ್ಸಿನಲ್ಲಿ ಬಿಸಿಲು ಬೀಳದ ಬದಿ ಹುಡುಕಿ
ಮಡಿಲಲ್ಲಿ ಚಪ್ಪಟೆಯಾಗಿ ಇಟ್ಟುಕೊಂಡು ಕೂತೆ.
ಕಂಡಕ್ಟರ್ ಕೇಳಿದ, ಏನು ಅಜ್ಜಿ, ಕನ್ನಡಿಯೇ?
ಮನೆಯಲ್ಲಿ ಈಗಲೂ ಪ್ಲೇಯರ್ ಇಲ್ಲ.
ಶುಕ್ರವಾರ ಮೂರಕ್ಕೆ ಬರುತ್ತೇನೆಂದು ಹೇಳಿ ಬಂದಿದ್ದೇನೆ.